ಐದು ಸೂತಕ ಬಿಟ್ಟ ನಾವು ಆರನೆಯದನ್ನೇಕೆ ಉಳಿಸಿಕೊಂಡೆವು?



ಕಳೆದ ಶ್ರಾವಣದಲ್ಲಿ ಹುನಗುಂದ ತಾಲೂಕಿನ ಒಂದು ಊರಿಗೆ ಪ್ರವಚನದ ಮಂಗಲಕ್ಕೆ ಹೋಗಿದ್ದೆ. ಅಂದಿನ ವಿಷಯ ಪಂಚಸೂತಕ ನಿರಾಕರಣೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಕಿತ್ತೊಗೆದ ಬಗೆಯನ್ನು ಪೂಜ್ಯರು ಮನಮುಟ್ಟುವಂತೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ರಾತ್ರಿ ಭಕ್ತರೊಬ್ಬರ ಮನೆಯಲ್ಲಿ ಉಳಿದೆ. ಬೆಳಗಿನ ಐದಕ್ಕೆ ಮನೆಯ ಯಜಮಾನರು ತಂಬಿಗೆ ನೀರು ನನ್ನ ಕೈಗಿಟ್ಟು, "ಬರ್ರಿ ಸಾಹೇಬ್ರ, ಬಯಲಕಡೆ ಹೋಗಿ ಬರೂಣು" ಎಂದರು. ಹಿತ್ತಲಲ್ಲಿ ಸರಕಾರದ ಸಹಾಯಧನದಿಂದ ಕಟ್ಟಿದ ಶೌಚಾಲಯವಿತ್ತು. ಬಾಗಿಲು ತೆರೆದರೆ ಒಳಗೆ ಗೊಬ್ಬರದ ಚೀಲ, ತೊಗರಿ ಕಟ್ಟಿಗೆ.

"ಇದನ್ಯಾಕ ಬಳಸಂಗಿಲ್ರಿ?" ಎಂದು ಕೇಳಿದೆ.

"ಗುಂಡಿ ತುಂಬಿದ್ರ ತೆಗೆಯವ್ರು ಯಾರ್ರಿ? ಈಗ ಆ ಮಂದಿನೂ ಬರಂಗಿಲ್ಲ."

'ಆ ಮಂದಿ' ಯಾರೆಂದು ಅವರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಹಿಂದಿನ ರಾತ್ರಿ ಐದು ಸೂತಕಗಳನ್ನು ಸುಟ್ಟು ಬಂದ ನಮ್ಮಿಬ್ಬರ ನಡುವೆ ಆರನೆಯ ಸೂತಕವೊಂದು ಹಿತ್ತಲಲ್ಲಿ ಸುಖವಾಗಿ ಕುಳಿತಿತ್ತು. ಅದು ಗುಂಡಿಯ ಸೂತಕ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಸರಕಾರದ ನೌಕರಿಯಲ್ಲಿ ಹಳ್ಳಿಗಳ ಕುಡಿಯುವ ನೀರಿನ ಕೆಲಸ ಮಾಡಿದವನು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದಲ್ಲಿ ನೀರಿನ ಟ್ಯಾಂಕುಗಳನ್ನು ಕಟ್ಟಿಸಿದ್ದೇನೆ, ಪೈಪು ಹಾಕಿಸಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ: ನಮ್ಮ ಹಳ್ಳಿಗಳಲ್ಲಿ ನೀರು ಮತ್ತು ನೈರ್ಮಲ್ಯದ ಯೋಜನೆಗಳು ಸೋಲುತ್ತಿರುವುದಕ್ಕೆ ಹಣದ ಕೊರತೆಗಿಂತ, ತಂತ್ರಜ್ಞಾನದ ಕೊರತೆಗಿಂತ ದೊಡ್ಡ ಕಾರಣ ಈ ಸೂತಕ. ಇದನ್ನು ತೆಗೆಯುವ ಶಕ್ತಿ ಇಂಜಿನಿಯರನಿಗಿಲ್ಲ, ಮಠಕ್ಕಿದೆ. ಆದರೆ ಮಠ ಇನ್ನೂ ಆ ಕೆಲಸಕ್ಕೆ ಕೈಹಾಕಿಲ್ಲ. ನನ್ನ ತಕರಾರು ಇಷ್ಟೇ.

ಮೊದಲು ಗುಂಡಿಯ ಲೆಕ್ಕ ನೋಡೋಣ. ಹಳ್ಳಿಯ ಮನೆಗೆ ಸರಕಾರ ಹೇಳುವುದು ಎರಡು ಗುಂಡಿಯ ಶೌಚಾಲಯ. ಒಂದೊಂದು ಗುಂಡಿ ನಾಲ್ಕು ಅಡಿ ಆಳ, ಗೋಡೆಯಲ್ಲಿ ನೀರು ಇಂಗಲು ಸಂದು, ತಳಕ್ಕೆ ಬರೀ ಮಣ್ಣು. ಐದಾರು ಜನರ ಮನೆಗೆ ಒಂದು ಗುಂಡಿ ತುಂಬಲು ಸುಮಾರು ಮೂರು ವರ್ಷ ಬೇಕು. ತುಂಬಿದ ಮೇಲೆ ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸಬೇಕು. ಎರಡು ವರ್ಷ ಬಿಟ್ಟು ಮೊದಲನೆಯದನ್ನು ತೆರೆದರೆ ಒಳಗಿರುವುದು ಕಪ್ಪು ಗೊಬ್ಬರ. ವಾಸನೆಯಿಲ್ಲ, ರೋಗಾಣುಗಳು ಸತ್ತಿರುತ್ತವೆ. ಮನೆಯವರೇ ಸಲಿಕೆಯಿಂದ ತೆಗೆದು ಹೊಲಕ್ಕೆ ಹಾಕಬಹುದು. ದನದ ಸೆಗಣಿಯನ್ನು ಬರಿಗೈಲಿ ಬಾಚುವ ಒಕ್ಕಲಿಗನಿಗೆ ಇದೇನು ದೊಡ್ಡ ಕೆಲಸ?

ಆದರೂ ಬಹಳ ಜನ ತೋಡಿದ್ದು ಒಂದೇ ಗುಂಡಿ. ಅದೂ ಹತ್ತು ಅಡಿ, ಹದಿನೈದು ಅಡಿ. 'ನಮ್ಮ ಜಲ್ಮದಾಗ ತುಂಬಬಾರದು' ಎಂಬ ಲೆಕ್ಕ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಸಹಾಯಧನ ಬಂತು, ಕಟ್ಟಡ ಎದ್ದಿತು, ಫೋಟೊ ಹೊಡೆದದ್ದಾಯಿತು. ಆದರೆ ಎರಡನೆಯ ಗುಂಡಿ ಕಾಗದದಲ್ಲೇ ಉಳಿಯಿತು. ಅದನ್ನು ತೋಡುವುದೆಂದರೆ ಒಂದು ದಿನ ನಮ್ಮ ಕೈಯಿಂದಲೇ ಅದನ್ನು ತೆಗೆಯಬೇಕು ಎಂದು ಒಪ್ಪಿಕೊಂಡಂತೆ. ಅದನ್ನೇ ನಾವು ಒಪ್ಪಲಿಲ್ಲ.

ಇದರ ಫಲ ಎರಡು. ಆಳದ ಗುಂಡಿ ತುಂಬಿದಾಗ ಒಳಗಿರುವುದು ಹಸಿ ಹೊಲಸು. ಅದನ್ನು ತೆಗೆಯಲು ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಇಳಿದವನು ವಿಷಗಾಳಿಗೆ ಸಾಯುತ್ತಾನೆ. ಎರಡನೆಯದು, ಆಳದ ಗುಂಡಿ ಅಂತರ್ಜಲದ ಹತ್ತಿರಕ್ಕೆ ಹೋಗುತ್ತದೆ. ಬಾದಾಮಿ ಸುತ್ತಲಿನ ಬಿರುಕು ಬಿಟ್ಟ ಮರಳುಗಲ್ಲಿನಲ್ಲಿ ಆ ಹೊಲಸು ಬಾವಿ, ಬೋರುಗಳಿಗೆ ಇಳಿಯಲು ತಡವೇನೂ ಆಗುವುದಿಲ್ಲ. ಮುಟ್ಟಬಾರದೆಂದು ಭೂಮಿಯೊಳಗೆ ಬಚ್ಚಿಟ್ಟದ್ದನ್ನೇ ನಾವು ಕೊಡದಲ್ಲಿ ತುಂಬಿ ತಂದು ಕುಡಿಯುತ್ತೇವೆ. ಅದೇ ನೀರಿನಿಂದ ಇಷ್ಟಲಿಂಗಕ್ಕೆ ಮಜ್ಜನ ಮಾಡಿಸುತ್ತೇವೆ.

'ನೀರೇ ಇಲ್ಲದಾಗ ಶೌಚಾಲಯ ಹೇಗೆ ಬಳಸುವುದು?' ಎನ್ನುವವರಿದ್ದಾರೆ. ಹಳ್ಳಿಗೆಂದೇ ಮಾಡಿದ ಇಳಿಜಾರಿನ ಪ್ಯಾನಿಗೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕು. ಬಯಲಿಗೆ ಒಯ್ಯುವ ತಂಬಿಗೆಯ ಜೊತೆ ಇನ್ನೊಂದು ತಂಬಿಗೆ ಅಷ್ಟೇ. ನೀರಿನ ನೆಪ ಹೇಳುವವರು ಗಂಡಸರು. ಬೆಳಕು ಹರಿಯುವ ಮುಂಚೆ ಇಲ್ಲವೇ ಕತ್ತಲಾದ ಮೇಲೆ ಮಾತ್ರ ಹೊರಗೆ ಹೋಗಬೇಕಾದ ನಮ್ಮ ಅಕ್ಕ-ತಂಗಿಯರನ್ನು ಕೇಳಿ. ಹಗಲಿನಲ್ಲಿ ಹೋಗುವ ಪ್ರಸಂಗ ಬಾರದಿರಲಿ ಎಂದು ನೀರನ್ನೇ ಕಡಿಮೆ ಕುಡಿಯುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ರಜಸ್ಸಿನ ಸೂತಕ ಇಲ್ಲವೆಂದು ಹೇಳುವ ಧರ್ಮದಲ್ಲಿ ಆ ದಿನಗಳಲ್ಲಿ ಆಕೆಗೆ ಬಾಗಿಲು ಹಾಕಿಕೊಳ್ಳಲು ನಾಲ್ಕು ಗೋಡೆ ಇಲ್ಲ.

ಇನ್ನು ನೀರಿನ ಮಾತು. ವಿಶ್ವಬ್ಯಾಂಕಿನ ನೆರವಿನ 'ಜಲ ನಿರ್ಮಲ' ಯೋಜನೆ ಬಂದಾಗ ಉತ್ತರ ಕರ್ನಾಟಕದ ಹನ್ನೊಂದು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದಾಗಿತ್ತು. ಅದರ ಮೂಲ ವಿಚಾರ ಒಳ್ಳೆಯದು: ಊರವರೇ ಸಮಿತಿ ಮಾಡಿ, ವಂತಿಗೆ ಕೂಡಿಸಿ, ಕೆಲಸ ನೋಡಿಕೊಂಡು, ಮುಂದೆ ತಾವೇ ನಡೆಸಬೇಕು. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ನೋಡಿದ ಒಂದು ಊರಲ್ಲಿ ಊರ ವಂತಿಗೆಯನ್ನು ಗುತ್ತಿಗೆದಾರನೇ ತುಂಬಿದ. ಸಮಿತಿಯ ಮಹಿಳಾ ಸದಸ್ಯರ ಸಹಿಯನ್ನು ಅವರ ಗಂಡಂದಿರು ಮಾಡಿದರು. ಗೊತ್ತಿದ್ದೂ ನಾನು ಹಸ್ತಾಂತರ ಪತ್ರಕ್ಕೆ ಸಹಿ ಹಾಕಿದೆ. ಮಾರ್ಚ್ ತಿಂಗಳು ಮುಗಿಯುವುದರಲ್ಲಿತ್ತು. ಎರಡು ವರ್ಷದಲ್ಲಿ ಮೋಟಾರು ಸುಟ್ಟಿತು. ರಿಪೇರಿಗೆ ಒಂದು ರೂಪಾಯಿಯನ್ನೂ ಯಾರೂ ಕೊಡಲಿಲ್ಲ. ಅದು ಅವರ ನೀರಾಗಿರಲೇ ಇಲ್ಲ, ಅದು ಗುತ್ತಿಗೆದಾರನ ನೀರು.

2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದು 'ಮನೆ ಮನೆಗೆ ಗಂಗೆ'. ತಲೆಗೆ ದಿನಕ್ಕೆ 55 ಲೀಟರ್ ನೀರು. ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಊರ ಪಾಲು ಸಾಮಾನ್ಯವಾಗಿ ನೂರಕ್ಕೆ ಹತ್ತು, ಅದನ್ನು ಶ್ರಮದಾನದಿಂದಲೂ ಕೊಡಬಹುದು. ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದವರಿರಬೇಕು. ನೀರಿನ ಪರೀಕ್ಷೆಗೆ ಪ್ರತಿ ಊರಿನ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕು. ಹೆಣ್ಣು-ಗಂಡು, ಮೇಲು-ಕೀಳೆನ್ನದೆ ಎಲ್ಲರೂ ಕುಳಿತು ಮಾತಾಡುವ ಸಭೆ. ಇದನ್ನು ಓದಿದ ಲಿಂಗಾಯತನಿಗೆ ಅನುಭವ ಮಂಟಪ ನೆನಪಾಗಬೇಕು. ಆದರೆ ನಮ್ಮ ಎಷ್ಟು ಊರುಗಳಲ್ಲಿ ಆ ಸಮಿತಿ ನಿಜವಾಗಿ ಕೂಡುತ್ತದೆ?

ಕೂಡದಿದ್ದರೆ ಏನಾಗುತ್ತದೆ ಎಂಬುದನ್ನು ನೀರು ಬಿಡುವ ಹೊತ್ತಿಗೆ ಹೋಗಿ ನೋಡಿ. ನಳ ಬಂದ ಕೂಡಲೇ ಮುಂದಿನ ಓಣಿಯ ಮನೆಗಳವರು ಪೈಪಿಗೆ ನೇರವಾಗಿ ಮೋಟಾರು ಹಚ್ಚುತ್ತಾರೆ. ಕೊನೆಯಲ್ಲಿರುವ ಕೇರಿಯ ನಳದಲ್ಲಿ ಬರುವುದು ಗಾಳಿ. ಅದಷ್ಟೇ ಅಲ್ಲ, ಪೈಪಿನೊಳಗೆ ಒತ್ತಡ ಇಲ್ಲದಾದಾಗ ಗಟಾರದ ನೀರು ಸೋರುವ ಜೋಡಣೆಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಮೋಟಾರು ಹಚ್ಚಿದ ಎಷ್ಟೋ ಮನೆಗಳ ಪಡಸಾಲೆಯಲ್ಲಿ ನಾನು ಬಸವಣ್ಣನವರ ಫೋಟೊ ನೋಡಿದ್ದೇನೆ. ಹಿಂದೆ ಬಾವಿಯ ಹಗ್ಗ ಮುಟ್ಟಗೊಡದೆ ಮಾಡುತ್ತಿದ್ದುದನ್ನು ಇಂದು ಅರ್ಧ ಎಚ್‌ಪಿ ಮೋಟಾರು ಮಾಡುತ್ತಿದೆ. ಜಾತಿಯ ಸೂತಕ ಎಲ್ಲಿ ಹೋಯಿತು, ಹೇಳಿ?

ಇಳಕಲ್ಲ, ಹುನಗುಂದದ ಗ್ರಾನೈಟ್ ನೆಲದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಪೀಡೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ, ದೊಡ್ಡವರ ಕೀಲು, ಎಲುಬು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಇದಕ್ಕೆ ನದಿ ನೀರು ಇಲ್ಲವೇ ಶುದ್ಧೀಕರಣ ಘಟಕವೇ ಬೇಕು, ಎರಡನ್ನೂ ನಡೆಸಲು ಎಚ್ಚರವಿರುವ ಸಮಿತಿ ಬೇಕು. ರೋಗಾಣುಗಳ ವಿಷಯ ಇದಕ್ಕಿಂತ ಸುಲಭ. ಒಂದು ಲಕ್ಷ ಲೀಟರಿನ ಟ್ಯಾಂಕಿಗೆ ಮುಕ್ಕಾಲು ಕಿಲೋದಷ್ಟು ಬ್ಲೀಚಿಂಗ್ ಪೌಡರ್ ಸಾಕು. 'ವಾಸನಿ ಬರತೈತಿ' ಎಂದು ಯಾರೋ ಬೈದರೆಂದು ನೀರುಗಂಟಿ ಅದನ್ನೂ ಹಾಕುವುದಿಲ್ಲ. ಕೇಳುವವರಿಲ್ಲ.

'ಇದು ಸರಕಾರದ ಕೆಲಸ, ಮಠಕ್ಕೇನು ಸಂಬಂಧ?' ಎಂಬ ಪ್ರಶ್ನೆ ಬರುತ್ತದೆ. ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. 2018ರಲ್ಲಿ ಲಿಂಗೈಕ್ಯರಾದ ಇಳಕಲ್ಲ ವಿಜಯಮಹಾಂತೇಶ ಮಠದ ಡಾ. ಮಹಾಂತ ಅಪ್ಪಗಳು ಮನೆಮನೆಗೆ ಜೋಳಿಗೆ ಹಿಡಿದು ಹೋದರು. ಕಾಣಿಕೆ ಬೇಡಲಿಲ್ಲ. ನಿಮ್ಮ ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಕುಡಿತ ನಿಲ್ಲಿಸುವುದು ಅಬಕಾರಿ ಇಲಾಖೆಯ ಕೆಲಸ ಎಂದು ಅವರು ಮಠದಲ್ಲಿ ಕೂಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆ ಇನ್ನೂ ತುಂಬಿಲ್ಲ. ಬಯಲಿಗೆ ಹೋಗುವುದೂ ಒಂದು ಚಟ, ನಳಕ್ಕೆ ಮೋಟಾರು ಹಚ್ಚುವುದೂ ಒಂದು ಚಟ. ಅವನ್ನೂ ಬೇಡಬೇಕು.

ನಮ್ಮ ಮಠಗಳ ಬಗ್ಗೆ ಕಹಿಯಾದ ಮಾತನ್ನೂ ಹೇಳುತ್ತೇನೆ, ಪೂಜ್ಯರು ಮನ್ನಿಸಬೇಕು. ಜಾತ್ರೆಗೆ ಸಾವಿರಾರು ಜನರನ್ನು ಕರೆಯುತ್ತೇವೆ. ಹುಗ್ಗಿ, ಮಾದ್ಲಿಗೆ ಲೆಕ್ಕವಿಡುತ್ತೇವೆ. ಉಂಡ ಜನ ಮರುದಿನ ಬೆಳಗ್ಗೆ ಎಲ್ಲಿಗೆ ಹೋಗಬೇಕೆಂದು ಲೆಕ್ಕ ಹಾಕುವುದಿಲ್ಲ. ಕಲ್ಯಾಣ ಮಂಟಪ ಕಟ್ಟಲು ದೇಣಿಗೆ ಬರುತ್ತದೆ, ಗಟಾರಕ್ಕೆ ಬರುವುದಿಲ್ಲ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ದಿನವೂ ಹೇಳುತ್ತೇವೆ. ಕಸ ಗುಡಿಸುವ ಕಾಯಕದ ಸತ್ಯಕ್ಕ, ಬಟ್ಟೆಯ ಕೊಳೆ ತೊಳೆದ ಮಡಿವಾಳ ಮಾಚಿದೇವರು ನಮಗೆ ಪೂಜ್ಯರು. ಆದರೆ ಮಠದ ಶೌಚಾಲಯ ತೊಳೆಯುವವರು ಇಂದಿಗೂ ಯಾವ ಕೇರಿಯಿಂದ ಬರುತ್ತಾರೆ? ಇದಕ್ಕೆ ಉತ್ತರ ಕೊಡದೆ ಕಾಯಕದ ಮೇಲೆ ಪ್ರವಚನ ಕೊಡುವುದು ಸಲ್ಲದು.

ಪೂಜ್ಯರಲ್ಲಿ, ಭಕ್ತರಲ್ಲಿ ನನ್ನ ಬೇಡಿಕೆಗಳು ನಾಲ್ಕು. ಮನೆ ಪ್ರವೇಶಕ್ಕೆ ಕರೆದಾಗ ಅಪ್ಪಗಳು ಪೂಜೆಗೆ ಕೂಡುವ ಮೊದಲು ಹಿತ್ತಲಿಗೆ ಹೋಗಿ ಎರಡೂ ಗುಂಡಿಗಳನ್ನು ನೋಡಲಿ. ಪ್ರತಿ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಊರ ನೀರಿನ ಪರೀಕ್ಷೆಯ ಫಲವನ್ನೂ ಸಮಿತಿಯ ಜಮಾ-ಖರ್ಚನ್ನೂ ಗಟ್ಟಿಯಾಗಿ ಓದಲಿ. ಪರೀಕ್ಷೆಯ ನೀರು ಕೊನೆಯ ಕೇರಿಯ ಕೊನೆಯ ನಳದಿಂದ ಬರಲಿ. ಮೋಟಾರು ಹಚ್ಚುವುದಿಲ್ಲ, ನೀರಿನ ಕರ ಬಾಕಿ ಇಡುವುದಿಲ್ಲ ಎಂದು ಊರ ಹಿರಿಯರು ಜೋಳಿಗೆಯ ಮುಂದೆ ಮಾತು ಕೊಡಲಿ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ. ಎರಡು ವರ್ಷ ಮಾಗಿದ ಒಂದು ಗುಂಡಿಯನ್ನು ಪ್ರತಿ ಊರಲ್ಲಿ ಎಲ್ಲರ ಎದುರು ತೆರೆಯಬೇಕು. ಮೊದಲ ಬುಟ್ಟಿ ಗೊಬ್ಬರವನ್ನು ಊರ ಲಿಂಗಾಯತ ಹಿರಿಯರೇ ತೆಗೆಯಬೇಕು. ಪೂಜ್ಯರು ಅದನ್ನು ಕೈಯಲ್ಲಿ ಹಿಡಿದು ತೋರಿಸಬೇಕು. ನೂರು ಪ್ರವಚನದಿಂದ ಆಗದ್ದು ಆ ಒಂದು ಹಿಡಿ ಗೊಬ್ಬರದಿಂದ ಆಗುತ್ತದೆ.

ಹಿಂದಿನ ಶ್ರಾವಣದ ಆ ಮನೆಗೆ ಕಳೆದ ತಿಂಗಳು ಮತ್ತೆ ಹೋಗಿ ಬಂದೆ. ಯಜಮಾನರನ್ನು ಕೂಡಿಸಿಕೊಂಡು ಗೊಬ್ಬರದ ಚೀಲ ಹೊರಗಿಟ್ಟೆವು, ಎರಡನೆಯ ಗುಂಡಿಗೆ ಗುರುತು ಹಾಕಿದೆವು. ಅವರ ಸೊಸೆ ನಮ್ಮಿಬ್ಬರಿಗೂ ಚಹಾ ತಂದುಕೊಟ್ಟು, "ಮುಂದಿನ ವಾರನ ತೋಡಸ್ರಿ ಮಾವಾರ" ಎಂದಳು. ಗುಂಡಿ ತುಂಬಿ ಮಾಗುವ ಹೊತ್ತಿಗೆ ನನಗೆ ಎಪ್ಪತ್ತು ದಾಟಿರುತ್ತದೆ. ಸಲಿಕೆ ಹಿಡಿಯಲು ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಯಾವ ಮಠ ಕರೆದರೂ, ಯಾವ ಊರಿಗಾದರೂ ಬರುತ್ತೇನೆ.