ಮನೆಯಲ್ಲೊಂದು ಸರ್ವರ್ ಇರಲಿ

ಕರ್ನಾಟಕದಲ್ಲಿ ‘ಸರ್ವರ್’ ಎಂಬ ಪದದ ಅರ್ಥ ತಿಳಿಯಲು ನಿಘಂಟು ಬೇಕಿಲ್ಲ. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಸಾಲು ನಿಂತವರಿಗೆ, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಕಾದವರಿಗೆ ಅದು ಚೆನ್ನಾಗಿ ಗೊತ್ತು. ಎಲ್ಲೋ ದೂರದಲ್ಲಿ ಕೂತಿರುವ, ಕಣ್ಣಿಗೆ ಬೀಳದ, ಮನಸ್ಸು ಬಂದಾಗ ‘ಡೌನ್’ ಆಗುವ ದೊರೆ. “ಸರ್ವರ್ ಇಲ್ಲ, ನಾಳೆ ಬನ್ನಿ” ಎಂದರೆ ಎದುರು ಮಾತಿಲ್ಲ. ಇದಕ್ಕೂ ಮುಂಚೆ ಇದೇ ಪದಕ್ಕೆ ಇನ್ನೊಂದು ಅರ್ಥವಿತ್ತು. ಹೋಟೆಲಿನಲ್ಲಿ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು, ಕೇಳಿದ್ದನ್ನು ತಂದಿಡುವವನು. ಕಂಪ್ಯೂಟರಿನ ಮಟ್ಟಿಗೆ ಸರಿಯಾದ ಅರ್ಥ ಈ ಹಳೆಯದೇ. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ತಂದುಕೊಡುತ್ತದೆ. ಅದೊಂದು ಸಾಧಾರಣ ಪ್ರೋಗ್ರಾಮು. ದೂರದ ಡೇಟಾ ಸೆಂಟರಿನಲ್ಲಿ ಓಡುವಂತೆಯೇ ಮನೆಯ ಮೂಲೆಯಲ್ಲಿರುವ ಏಳು ವರ್ಷದ ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಇದು ಬರೀ ತಾಂತ್ರಿಕ ವಿವರ ಎಂದು ಕನ್ನಡದ ಪ್ರಕಾಶಕರು, ಪತ್ರಿಕೆಯವರು, ಸಂಘಗಳವರು ಪಕ್ಕಕ್ಕಿಟ್ಟಿದ್ದಾರೆ. ಅದರ ಬೆಲೆ ತೆರುತ್ತಿರುವುದು ಕನ್ನಡ. ತನ್ನದೇ ಯಂತ್ರದಲ್ಲಿ ಓಡುವ ಒಂದು ಪ್ರತಿಯನ್ನು ಇಟ್ಟುಕೊಳ್ಳದೆ ಯಾವ ಕನ್ನಡ ಸಂಸ್ಥೆಯೂ ವೆಬ್‌ಸೈಟ್ ಮಾಡಿಸಬಾರದು.

ಈಗ ನಡೆಯುತ್ತಿರುವುದನ್ನು ನೋಡಿ. ಸೈಟ್ ಮಾಡಿಕೊಡುವವನು ಒಂದು ಇಂಗ್ಲಿಷ್ ಥೀಮ್ ಆರಿಸುತ್ತಾನೆ. ಅದರೊಳಗೆ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು ತುಂಬಿ ತೋರಿಸುತ್ತಾನೆ. ಸಂಪಾದಕರು ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ನೋಡಿ “ಚೆನ್ನಾಗಿದೆ, ಬಣ್ಣ ಸ್ವಲ್ಪ ತಿಳಿ ಮಾಡಿ” ಎನ್ನುತ್ತಾರೆ. ಬಿಡುಗಡೆಯ ಹಿಂದಿನ ರಾತ್ರಿ ಕನ್ನಡವನ್ನು ತಂದು ಸುರಿಯುತ್ತಾರೆ, ಅದೂ ನೇರವಾಗಿ ಬಾಡಿಗೆಯ ಹೋಸ್ಟಿಂಗ್ ಮೇಲೆ. ಇಡೀ ಕೆಲಸದಲ್ಲಿ ಕನ್ನಡ ಕೊನೆಗೆ ಬಂದ ನೆಂಟ. ಶೀರ್ಷಿಕೆಯ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗಿರುತ್ತದೆ, ಏಕೆಂದರೆ ಸಾಲಿನ ಎತ್ತರವನ್ನು ನಿಗದಿ ಮಾಡಿದ್ದು ಕೆಳಗೆ ಏನೂ ಇಳಿಯದ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳಿಗೆ. ಮಾರನೆಯ ದಿನ ಮಂತ್ರಿಗಳೋ ಹಿರಿಯ ಸಾಹಿತಿಗಳೋ ಗುಂಡಿ ಒತ್ತಿ ಉದ್ಘಾಟಿಸುತ್ತಾರೆ. ಒಂದು ತಿಂಗಳ ಮೇಲೆ ಯಾರೋ ಓದುಗರು ದೂರುತ್ತಾರೆ. ಆ ಹೊತ್ತಿಗೆ ಸೈಟ್ ಮಾಡಿದವನು ಫೋನ್ ಎತ್ತುವುದಿಲ್ಲ.

ಒತ್ತಕ್ಷರದ ಕಾಲು ಹೋದರೆ ಮತ್ತೆ ಜೋಡಿಸಬಹುದು. ಜೋಡಿಸಲಾಗದ ನಷ್ಟಗಳೂ ಇವೆ. ವೆಬ್‌ಸೈಟುಗಳ ಬರಹವನ್ನು ಕೂಡಿಡಲು ಬಹಳ ಬಳಕೆಯಲ್ಲಿರುವ ಮೈಎಸ್‌ಕ್ಯುಎಲ್ ಎಂಬ ದತ್ತಾಂಶ ವ್ಯವಸ್ಥೆ, 2018ರಲ್ಲಿ ಅದರ 8.0 ಆವೃತ್ತಿ ಬರುವವರೆಗೂ, ಯಾರೂ ಏನೂ ಹೇಳದಿದ್ದರೆ ಲ್ಯಾಟಿನ್1 ಎಂಬ ಅಕ್ಷರಪಟ್ಟಿಯನ್ನೇ ಹಿಡಿಯುತ್ತಿತ್ತು, ಮತ್ತು ಪದಗಳನ್ನು ಸ್ವೀಡಿಷ್ ಭಾಷೆಯ ಅಕಾರಾದಿಯಂತೆ ಜೋಡಿಸುತ್ತಿತ್ತು. ಅದು ಹುಟ್ಟಿದ್ದು ಸ್ವೀಡನ್ನಿನ ಕಂಪನಿಯಲ್ಲಿ, ಅವರ ಮನೆಯ ಪದ್ಧತಿ ಅದು, ತಪ್ಪೇನಿಲ್ಲ. ಆದರೆ ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ಅಂಥ ಕೋಷ್ಟಕದಲ್ಲಿ ಕನ್ನಡದ ಕಥೆಯೊಂದನ್ನು ಉಳಿಸಿದರೆ ಒಳಗೆ ಕೂರುವುದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ತೋರುವುದರಲ್ಲಿ ಮಾತ್ರ ಆದ ಎಡವಟ್ಟು ಎಂದುಕೊಳ್ಳಬೇಡಿ. ‘ಕ’ ಇದ್ದಲ್ಲೂ ಅದೇ ಚಿಹ್ನೆ, ‘ಳ’ ಇದ್ದಲ್ಲೂ ಅದೇ ಚಿಹ್ನೆ. ಯಾವುದು ಏನಾಗಿತ್ತೆಂದು ಹೇಳಲು ಯಾವ ತಜ್ಞನಿಗೂ ಸಾಧ್ಯವಿಲ್ಲ. ಇದನ್ನು ಪತ್ತೆ ಹಚ್ಚಲು ಬೇಕಾದದ್ದು ಎರಡು ನಿಮಿಷ. ಸ್ವಂತ ಯಂತ್ರದಲ್ಲಿ ಸೈಟನ್ನು ಓಡಿಸಿ, ಒಂದು ಕನ್ನಡ ವಾಕ್ಯ ಹಾಕಿ, ಪುಟವನ್ನು ಮತ್ತೆ ತೆರೆದು ನೋಡಿದರಾಯಿತು. ಓದುಗರ ಮುಂದೆ ನಡೆದರೆ ಅವಘಡ, ಮನೆಯಲ್ಲಿ ನಡೆದರೆ ಬರೀ ಒಂದು ಪರೀಕ್ಷೆ.

ವರ್ಡ್‌ಪ್ರೆಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಲೇಖನದ ಶೀರ್ಷಿಕೆಯಿಂದ ಅದು ತಾನೇ ಒಂದು ವಿಳಾಸ ಕಟ್ಟುತ್ತದೆ, ಮತ್ತು ಆ ವಿಳಾಸಕ್ಕೆ 200 ಚಿಹ್ನೆಗಳ ಮಿತಿ ಹಾಕುತ್ತದೆ. ಇಂಗ್ಲಿಷಿಗೆ ಧಾರಾಳವಾಯಿತು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತದ ಗುರುತಿಗೂ 3 ಬೈಟು. ವಿಳಾಸವಾಗುವಾಗ ಒಂದೊಂದು ಬೈಟಿಗೆ 3 ಚಿಹ್ನೆ. ಅಂದರೆ ‘ಕಾ’ ಎಂದು ಬರೆದರೆ 18 ಚಿಹ್ನೆ ಖರ್ಚು. “ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು” ಎಂದು ಶೀರ್ಷಿಕೆ ಕೊಟ್ಟು ನೋಡಿ. ವಿಳಾಸದಲ್ಲಿ ‘ಮಕ್ಕಳು’ ಇರುವುದಿಲ್ಲ, ಒಂದು ಒಂಟಿ ‘ಮ’ ಉಳಿದಿರುತ್ತದೆ. ಕೆಲವು ಥೀಮ್‌ಗಳು ಮುಖಪುಟದಲ್ಲಿ ಲೇಖನದ ಮೊದಲ ನೂರು ಬೈಟು ಕತ್ತರಿಸಿ ತೋರಿಸುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟು ತಿನ್ನುತ್ತದೆ. ಕತ್ತರಿ ಅದರ ನಡುವೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡದ ಸುದ್ದಿತಾಣಗಳ ಓದುಗರು ನೋಡಿಯೇ ಇರುತ್ತಾರೆ, ಕಪ್ಪು ವಜ್ರದೊಳಗೆ ಒಂದು ಪ್ರಶ್ನಾರ್ಥಕ. ಇನ್ನು ‘ರ್‍ಯಾಂಕ್’. ಈ ಪದವನ್ನು ಎರಡು ಬಗೆಯಲ್ಲಿ ಟೈಪು ಮಾಡುವವರಿದ್ದಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಒಂದು ಬಗೆಯಲ್ಲಿ ಹುಡುಕಿದವರಿಗೆ ಇನ್ನೊಂದು ಸಿಗುವುದಿಲ್ಲ. ಇವೆಲ್ಲ ಭಾಷೆ ಬಲ್ಲವರು ಕೂತು, ಬೇಕೆಂದೇ ಕೆಡಿಸಿ, ಸರಿಪಡಿಸಿ ನೋಡಬೇಕಾದ ಸಂಗತಿಗಳು. ಓದುಗರು ಬಂದುಹೋಗುತ್ತಿರುವ ಸೈಟಿನ ಮೇಲೆ ಹಾಗೆ ಕೆಡಿಸಿ ನೋಡಲು ಆಗುವುದಿಲ್ಲ. ಅದಕ್ಕೊಂದು ಹಿತ್ತಿಲು ಬೇಕು.

ಹಿತ್ತಿಲನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯಲು ಬೆಂಗಳೂರಿನ ಸಾಫ್ಟ್‌ವೇರ್ ಬೀದಿಗಳಿಗಿಂತ ಕೇರಳದ ಕಡೆ ನೋಡುವುದು ಮೇಲು. 2001ರ ಜುಲೈಯಲ್ಲಿ ರಿಚರ್ಡ್ ಸ್ಟಾಲ್ಮನ್ ಬಂದು ಸ್ವತಂತ್ರ ತಂತ್ರಾಂಶದ ಭಾರತೀಯ ಸಂಸ್ಥೆಗೆ ಚಾಲನೆ ಕೊಟ್ಟದ್ದು ತಿರುವನಂತಪುರದಲ್ಲಿ. ಕೇರಳದ ಶಾಲೆಗಳಿಗೆ ಕಂಪ್ಯೂಟರ್ ತಂದ ‘ಐಟಿ ಅಟ್ ಸ್ಕೂಲ್’ ಯೋಜನೆಯೂ ಅದೇ ಕಾಲದ್ದು. ಮುಂದೆ ಅದು ಶಾಲೆಗಳನ್ನು ಪೂರಾ ಲಿನಕ್ಸಿಗೆ ಒಯ್ದಿತು, 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ತಿರುವನಂತಪುರದ ಪೂಜಪ್ಪುರದಲ್ಲಿ ಅದರ ಕಚೇರಿ. ಪಠ್ಯಪುಸ್ತಕ ಸಿದ್ಧಪಡಿಸುವ ಎಸ್‌ಸಿಇಆರ್‌ಟಿಯೂ ಅಲ್ಲೇ. ಆ ಎಸ್‌ಸಿಇಆರ್‌ಟಿಯ ಪ್ಲಸ್ ಟೂ ಕಂಪ್ಯೂಟರ್ ಸೈನ್ಸ್ ಪುಸ್ತಕವನ್ನು ಬಿಡಿಸಿ ನೋಡಿದರೆ ಎಚ್‌ಟಿಎಂಎಲ್‌ಗೆ ಒಂದು ಪಾಠ, ಜಾವಾಸ್ಕ್ರಿಪ್ಟಿಗೆ ಒಂದು, ವೆಬ್ ಹೋಸ್ಟಿಂಗಿಗೆ ಒಂದು, ಎಸ್‌ಕ್ಯುಎಲ್‌ಗೆ ಒಂದು, ಆಮೇಲೆ ಸರ್ವರ್ ಬದಿಯ ಪಿಎಚ್‌ಪಿಗೆ ಒಂದು ಪಾಠ. ಪಿಎಚ್‌ಪಿ ಕಡತವನ್ನು ಬ್ರೌಸರಿಗೆ ನೇರವಾಗಿ ಎಳೆದು ಹಾಕಿದರೆ ಏನೂ ಆಗುವುದಿಲ್ಲ, ಅದನ್ನು ಓಡಿಸಲು ಸರ್ವರ್ ಬೇಕೇ ಬೇಕು. ಹಾಗಾಗಿ ಶಾಲೆಯ ಲ್ಯಾಬಿನಲ್ಲಿ ಅದನ್ನು ನಿಜವಾಗಿ ಮಾಡಿ ಕಲಿತ ಹದಿನೇಳರ ಹುಡುಗಿಗೆ ಸರ್ವರ್ ಎಂದರೆ ಮೇಜಿನ ಮೇಲಿರುವ ವಸ್ತು. ಅದಕ್ಕೆ ದೊರೆತನವಿಲ್ಲ.

ಕೇರಳವನ್ನು ಸ್ವರ್ಗ ಮಾಡಬೇಕಿಲ್ಲ. ಅಲ್ಲಿಯೂ ಪಿಎಚ್‌ಪಿಯನ್ನು ಅಂಕಕ್ಕಾಗಿ ಬಾಯಿಪಾಠ ಹೊಡೆಯುವವರಿದ್ದಾರೆ. ಅಚ್ಚಿನ ಮನೆಗಳಲ್ಲಿ ಹಳೆ ಫಾಂಟಿನ ಮಲಯಾಳಂ ಇನ್ನೂ ಇದೆ, ಇಲ್ಲಿ ನುಡಿ, ಬರಹಗಳ ಹಳೆ ಕಡತಗಳು ಇರುವ ಹಾಗೆಯೇ. 2008ರಲ್ಲಿ ಯುನಿಕೋಡ್ ಮಲಯಾಳದ ಚಿಲ್ಲಕ್ಷರಗಳಿಗೆ ಹೊಸ ಸಂಕೇತ ಕೊಟ್ಟಾಗ ಒಂದೇ ಪದಕ್ಕೆ ಎರಡು ರೂಪಗಳಾಗಿ ದೊಡ್ಡ ಜಗಳವೇ ನಡೆಯಿತು. ಗಮನಿಸಬೇಕಾದ್ದು ಜಗಳವಾಡಿದವರನ್ನು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಗುಂಪಿನವರು ತಾವೇ ಫಾಂಟು ಕಟ್ಟುವವರು, ತಮ್ಮ ತಮ್ಮ ಯಂತ್ರಗಳಲ್ಲಿ ಪದಗಳನ್ನು ಒಡೆದು ಜೋಡಿಸಿ ನೋಡುವವರು. ವಾದಕ್ಕೆ ಬರುವಾಗ ಕೈಯಲ್ಲಿ ಉದಾಹರಣೆ ಇರುತ್ತಿತ್ತು. ಕನ್ನಡದಲ್ಲಿ ಅಂಥ ಕೆಲಸ ಮಾಡುವವರು ಇಲ್ಲವೆಂದಲ್ಲ, ಆದರೆ ಇಲ್ಲಿನ ಸಾರ್ವಜನಿಕ ವಾದ ಸಾಮಾನ್ಯವಾಗಿ ಸರ್ವರಿಗೆ ‘ಪರಿಚಾರಕ’ ಎನ್ನಬೇಕೋ ‘ಸೇವಕ’ ಎನ್ನಬೇಕೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಏನೆಂದರೂ ಆದೀತು, ಮೊದಲು ಓಡಿಸಿ. ಓಡಿಸಿದ ವಸ್ತುವಿಗೆ ಜನ ತಾವೇ ಹೆಸರಿಡುತ್ತಾರೆ.

ಈ ಕಥೆಯಲ್ಲಿ ಕನ್ನಡದ್ದೇ ಒಂದು ಪಾಲು ಇದೆ, ಮತ್ತು ಅದು ಕಹಿಯಾದದ್ದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ. ಬರುವುದು ತಿರುವನಂತಪುರದಿಂದ. ಕಡತ, ಕೋಶ, ಬ್ರೌಸರ್ ಇವನ್ನೆಲ್ಲ ಶಾಲೆಯ ಮಗುವಿಗೆ ಕನ್ನಡದಲ್ಲಿ ಹೇಳುವ ಕೆಲಸವನ್ನು ಮಲಯಾಳಂ ಆಡುವ ರಾಜಧಾನಿಯೊಂದು ಮಾಡಿಸುತ್ತಿದೆ. ಆದರೆ ಸರ್ವರ್ ಬರುವ ಪ್ಲಸ್ ಟೂ ಪುಸ್ತಕ ಇಂಗ್ಲಿಷಿನದು. ಹತ್ತನೆಯವರೆಗೆ ಕನ್ನಡದಲ್ಲಿ ಬಂದ ಮಗು ಅಲ್ಲಿಂದ ಮುಂದೆ ಕನ್ನಡವನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬೇಕು. ಆ ಮೇಲೆ ಕೊಚ್ಚಿ. ಕಾಕ್ಕನಾಡಿನಲ್ಲಿ 2004ರಲ್ಲಿ ಶುರುವಾದ ಇನ್ಫೋಪಾರ್ಕಿನಂಥ ಕಡೆ ಕೆಲಸ. ಅಲ್ಲಿ ಯಾರೂ ಗಿರಾಕಿಯ ಓಡುವ ಸೈಟಿಗೆ ನೇರ ಕೈ ಹಾಕುವುದಿಲ್ಲ. ಮೊದಲು ತನ್ನ ಯಂತ್ರ, ಆಮೇಲೆ ಪರೀಕ್ಷೆಯ ಯಂತ್ರ, ಕೊನೆಗೆ ಲೋಕ. ಹೀಗೆ ಹಗಲೆಲ್ಲ ವಿದೇಶದ ಅಂಗಡಿಯೊಂದರ ಸೈಟಿಗೆ ಈ ಮರ್ಯಾದೆ ಕೊಡುವ ಕನ್ನಡದ ಹುಡುಗನೇ, ರಾತ್ರಿ ಊರಿನ ಯಕ್ಷಗಾನ ಸಂಘದ ಸೈಟನ್ನು ಹೋಸ್ಟಿಂಗ್ ಫಲಕದಲ್ಲಿ ನೇರವಾಗಿ ತಿದ್ದುತ್ತಾನೆ. “ನಮ್ಮದೇ ಅಲ್ವಾ, ಏನಾಗತ್ತೆ” ಎಂಬ ಧಾಟಿ. ನಮ್ಮದು ಎಂಬುದಕ್ಕೆ ಕನ್ನಡದಲ್ಲಿ ಇರುವ ಅರ್ಥಗಳಲ್ಲಿ ಇದು ಅತಿ ಕೆಟ್ಟದ್ದು.

ಇದಕ್ಕೆ ಬರುವ ಎದುರು ಮಾತುಗಳೂ ಇವೆ. ಒಂದು, ಹೋಸ್ಟಿಂಗ್ ಅಗ್ಗ, ಅಲ್ಲೇ ಇನ್ನೊಂದು ಪರೀಕ್ಷಾ ಸೈಟ್ ಇಟ್ಟುಕೊಂಡರಾಯಿತು ಎಂಬುದು. ಇಟ್ಟುಕೊಳ್ಳಲಿ, ಒಳ್ಳೆಯದೇ. ಆದರೆ ಬಾಡಿಗೆ ಕಟ್ಟುವುದು ಮರೆತ ವರ್ಷ ಎರಡೂ ಒಟ್ಟಿಗೆ ಹೋಗುತ್ತವೆ. ಬ್ಲಾಗುಗಳ ಕಾಲದ ಎಷ್ಟೋ ಕನ್ನಡ ತಾಣಗಳ ವಿಳಾಸ ಒತ್ತಿದರೆ ಇಂದು ‘ಈ ಡೊಮೇನ್ ಮಾರಾಟಕ್ಕಿದೆ’ ಎಂಬ ಬೋರ್ಡು ಕಾಣುತ್ತದೆ. ಅವುಗಳ ಲೇಖನಗಳು ಯಾರ ಮನೆಯ ಯಂತ್ರದಲ್ಲೂ ಇರಲಿಲ್ಲ. ಇನ್ನೊಂದು ಮಾತು ಹೆಚ್ಚು ತೂಕದ್ದು: ಮನೆಯಲ್ಲಿ ಓಡಿದ್ದು ಹೊರಗೆ ಓಡುತ್ತದೆಂಬ ಖಾತರಿ ಏನು? ನಿಜ, ಖಾತರಿ ಇಲ್ಲ. ವಿಂಡೋಸಿಗೆ ಕಡತದ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ, ಲಿನಕ್ಸಿಗೆ ಇದೆ. ಮನೆಯಲ್ಲಿ ಕಂಡ ಚಿತ್ರ ಹೊರಗೆ ಮಾಯವಾಗುತ್ತದೆ. ಪಿಎಚ್‌ಪಿಯ ಆವೃತ್ತಿ ಬೇರೆಯಾದರೂ ತೊಂದರೆ. ಇದಕ್ಕೆ ಉತ್ತರ ಮನೆಯ ಯಂತ್ರವನ್ನು ಹೊರಗಿನದರ ಹಾಗೆಯೇ ಇಟ್ಟುಕೊಳ್ಳುವುದು. ಕೇರಳದ ಶಾಲೆಗಳು ಲಿನಕ್ಸ್ ಹಿಡಿದದ್ದರಿಂದ ಆದ, ಯಾರೂ ಹೆಚ್ಚು ಹೇಳದ ಲಾಭ ಇದೇ. ಜಗತ್ತಿನ ಬಹುಪಾಲು ವೆಬ್‌ಸೈಟುಗಳು ಓಡುವುದು ಆ ಮಕ್ಕಳ ಮೇಜಿನ ಮೇಲಿರುವಂಥ ವ್ಯವಸ್ಥೆಯ ಮೇಲೆ.

ಮಾಡುವುದು ಎಷ್ಟು ಕಷ್ಟ ಎಂದು ಕೇಳಿದರೆ, ಒಂದು ಮಧ್ಯಾಹ್ನ. ಉಬುಂಟುವಿನಲ್ಲಾದರೆ ಅಪಾಚೆ, ಮೈಎಸ್‌ಕ್ಯುಎಲ್, ಪಿಎಚ್‌ಪಿ ಮೂರನ್ನೂ ಒಂದೇ ಆಜ್ಞೆಯಲ್ಲಿ ಹಾಕಿಕೊಳ್ಳಬಹುದು. ವಿಂಡೋಸಿಗೆ ಇವೆಲ್ಲವನ್ನೂ ಗಂಟು ಕಟ್ಟಿ ಕೊಡುವ ಜಾಂಪ್ ಇದೆ, ಕಾಸು ಬೇಡ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದೋ 127.0.0.1 ಎಂದೋ ಬರೆದರೆ ಯಂತ್ರ ತನ್ನನ್ನೇ ಕೇಳಿಕೊಳ್ಳುತ್ತದೆ, ತಾನೇ ಉತ್ತರ ಕೊಡುತ್ತದೆ. ನೆಟ್‌ವರ್ಕ್ ಬೇಕಿಲ್ಲ. ಮಂಗಳೂರಿನಿಂದ ತಿರುವನಂತಪುರಕ್ಕೆ ಹೋಗುವ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಸಿಗ್ನಲ್ ಸತ್ತ ಜಾಗದಲ್ಲೂ ಸೈಟು ಓಡುತ್ತಿರುತ್ತದೆ. ಅಪಾಚೆ ಶುರುವಾಗದೆ ಮುನಿಸಿಕೊಂಡರೆ 80ನೇ ಪೋರ್ಟನ್ನು ಬೇರೆ ಯಾವುದೋ ಪ್ರೋಗ್ರಾಮು ಹಿಡಿದುಕೊಂಡಿರುತ್ತದೆ, ಅದನ್ನು ಎಬ್ಬಿಸಿ ಕಳಿಸಬೇಕು. ಕನ್ನಡಕ್ಕೆ ನೆನಪಿಡಬೇಕಾದ್ದು ದತ್ತಾಂಶದ ಅಕ್ಷರಪಟ್ಟಿ ಯುಟಿಎಫ್8ಎಂಬಿ4 ಎಂದು ಇರಬೇಕೆಂಬುದು. ಮನೆಯ ವೈಫೈಗೆ ಸೇರಿದ ಮೊಬೈಲಿನಿಂದಲೂ ಅದೇ ಸೈಟನ್ನು ತೆರೆಯಬಹುದು. ಎಪ್ಪತ್ತು ದಾಟಿದ ಲೇಖಕರೊಬ್ಬರನ್ನು ಕೂರಿಸಿ ಅವರದೇ ಫೋನಿನಲ್ಲಿ ಓದಿಸಿ ನೋಡಿದರೆ ಯಾವ ತಜ್ಞನ ವರದಿಗಿಂತ ಹೆಚ್ಚು ತಿಳಿಯುತ್ತದೆ. ಒಂದು ಎಚ್ಚರಿಕೆ: ಜಾಂಪಿನ ದತ್ತಾಂಶಕ್ಕೆ ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ. ಅದನ್ನು ಹಾಗೇ ಹೊರಲೋಕಕ್ಕೆ ತೆರೆದಿಡಬಾರದು. ಹಿತ್ತಿಲ ಬಾಗಿಲು ಬೀದಿಯ ಬಾಗಿಲಾಗಬಾರದು.

ಇನ್ನು ಮುಂದೆ ಸೈಟ್ ಮಾಡಿಸುವ ಪ್ರಕಾಶಕರು, ಅಕಾಡೆಮಿಗಳು, ಸಂಘಗಳು ಕರಾರಿನಲ್ಲಿ ಒಂದು ಸಾಲು ಸೇರಿಸಲಿ. ಕೊನೆಯ ಕಂತಿನ ಹಣ ಕೊಡುವುದು ಮೂರು ವಸ್ತು ಕೈಗೆ ಬಂದ ಮೇಲೆ: ಸೈಟಿನ ಎಲ್ಲ ಕಡತಗಳು, ದತ್ತಾಂಶದ ಪೂರ್ತಿ ಪ್ರತಿ, ಮತ್ತು ಅವೆರಡನ್ನೂ ಕಚೇರಿಯ ಹಳೆ ಲ್ಯಾಪ್‌ಟಾಪಿನಲ್ಲಿ ಓಡಿಸುವುದು ಹೇಗೆಂದು ಕನ್ನಡದಲ್ಲಿ ಬರೆದ ಒಂದು ಪುಟ. ಹಣ ಕೊಡುವ ದಿನ ಕಚೇರಿಯ ಇಂಟರ್ನೆಟ್ ತಂತಿಯನ್ನು ಕಿತ್ತು, ಆ ಪುಟವನ್ನು ಓದುತ್ತ, ಗುಮಾಸ್ತರೇ ಸೈಟನ್ನು ತೆರೆದು ತೋರಿಸಲಿ.