ತಂತಿಗೂ ಭಾಷೆ ಉಂಟೇ?



ಕನ್ನಡ ವಿಭಾಗಕ್ಕೆ ಇಂಟರ್‌ನೆಟ್ ಸರಿಯಾಗಿ ಬರುವುದಿಲ್ಲವೆಂದು ಮಗುವಿನ ಟಿ.ಸಿ. ಕೇಳಲು ಬರುವವರಿಗೆ ನನ್ನದೊಂದು ಪ್ರಶ್ನೆ: ಬರದಿರಲು ಕಾರಣವೇನೆಂದು ಕೇಳಿದ್ದೀರಾ?

ಕಾಸರಗೋಡಿನ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿ ಇರುವುದು ಮಲಯಾಳ ವಿಭಾಗದ ಕಟ್ಟಡದಲ್ಲಿ. ಕನ್ನಡ ತರಗತಿಗಳು ಮೈದಾನದ ಆಚೆ. ನಡುವೆ ಮಾವಿನ ಮರಕ್ಕೆ ಬಿಗಿದು ಎಳೆದ ತಾಮ್ರದ ಕೇಬಲ್, ನೂರೈವತ್ತು ಮೀಟರಿಗೂ ಉದ್ದ. ಅಂಥ ಕೇಬಲಿಗೆ ನಿಗದಿಯಾದ ಮಿತಿಯೇ 100 ಮೀಟರ್! ಮೇಲಾಗಿ ತುಲಾ ಮಾಸದ ಸಿಡಿಲು. ಒಂದೇ ಹೊಡೆತಕ್ಕೆ ಸ್ವಿಚ್ ಸುಟ್ಟುಹೋಯಿತು. ಎರಡು ತಿಂಗಳು ಯಾರೂ ತಿರುಗಿ ನೋಡಲಿಲ್ಲ. ದೂರು ಬಂದದ್ದು ಮಾತ್ರ ಕನ್ನಡ ಮಾಧ್ಯಮದ ಮೇಲೆ.

ಕಟ್ಟಡದಿಂದ ಕಟ್ಟಡಕ್ಕೆ ಎಳೆಯಬೇಕಾದುದು ಲೋಹದ ಕವಚವಿಲ್ಲದ ಫೈಬರ್. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು; ಮೈದಾನದಷ್ಟು ದೂರ ಅದಕ್ಕೆ ಲೆಕ್ಕವೇ ಅಲ್ಲ. ಪ್ರತಿಯೊಂದು ಕೇಬಲಿನ ಎರಡೂ ತುದಿಗೆ ಒಂದೇ ಸಂಖ್ಯೆ ಅಂಟಿಸಿ, ಯಾವುದು ಎಲ್ಲಿಗೆ ಹೋಗುತ್ತದೆಂಬ ನಕ್ಷೆಯನ್ನು ಗೋಡೆಗೆ ಹಾಕಲಿ, ಕನ್ನಡದಲ್ಲೂ. ಹೆಚ್ಚುವರಿ ಸ್ವಿಚ್ ಒಂದು ಕಪಾಟಿನಲ್ಲಿರಲಿ. (ಕಪಾಟಿನ ಬೀಗದ ಕೈ ರಜೆಯಲ್ಲಿರುವವರ ಕಿಸೆಯಲ್ಲಿ ಬೇಡ; ಅದನ್ನೂ ಅನುಭವಿಸಿದ್ದೇವೆ.)

ಬರುವ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳಿ: ಫೈಬರ್ ಎಂದು ಎಳೆಯುತ್ತೀರಿ? ಕೆಟ್ಟರೆ ಸರಿಪಡಿಸುವವರು ಯಾರು, ಎಷ್ಟು ದಿನದೊಳಗೆ? ಉತ್ತರ ಬರಹದಲ್ಲಿ ಬರಲಿ. ಟಿ.ಸಿ.ಯ ಮಾತು ಆಮೇಲೆ ಆಡೋಣ.