ಹಾಡು ಬೇರೆ ಇರಲಿ, ಲೋಟ ಬೇರೆ ಬೇಡ

ಮಕ್ಕಳಿಗೆ ಬೇರೆ ಬೇರೆ ಜನರ ಸಂಸ್ಕೃತಿ, ಆಚಾರ ವಿಚಾರ ಕಲಿಸಬೇಕು ಅಂತ ಎಲ್ಲರೂ ಹೇಳ್ತಾರೆ. ಒಳ್ಳೇ ಮಾತೇ. ಆದರೆ ನಮ್ಮ ಶಾಲೆಗಳಲ್ಲಿ ಆಗುತ್ತಿರುವುದೇನು? ವರ್ಷಕ್ಕೊಂದು ಸಲ ಮಕ್ಕಳಿಗೆ ಪಂಜಾಬಿ, ಕೊಡವ, ಲಂಬಾಣಿ ವೇಷ ಹಾಕಿ ಸಾಲಾಗಿ ನಿಲ್ಲಿಸಿ 'ವಿವಿಧತೆಯಲ್ಲಿ ಏಕತೆ' ಅಂತ ಹೇಳಿಸುವುದು. ಕನ್ನಡಿ ಚೂರಿನ ಲಂಬಾಣಿ ಲಂಗ ಎಲ್ಲರಿಗೂ ಚೆಂದ. ಅದನ್ನು ಹೊಲಿಯುವ ತಾಂಡಾದ ತಾಯಂದಿರು ಕಬ್ಬು ಕಡಿಯಲು ಗುಳೆ ಹೋಗುವುದು ಮಾತ್ರ ಆ ಪಾಠದಲ್ಲಿ ಬರೋದಿಲ್ಲ. ದೂರದ ಪಂಜಾಬು ಮಗುವಿಗೆ ಗೊತ್ತು. ಊರಂಚಿನ ಕೇರಿ ಗೊತ್ತಿಲ್ಲ.

ಮೈಸೂರು ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡ್ತಾರೆ. ಚಿಂದಿ ತೊಟ್ಟವನೊಬ್ಬ ಕಲ್ಯಾಣದ ಬಾಗಿಲಲ್ಲಿ ನಿಂತು ದೊಡ್ಡ ದೊಡ್ಡ ಶರಣರನ್ನೇ ಪರೀಕ್ಷೆ ಮಾಡುವ ಕತೆ. ಮಕ್ಕಳು ಬಾಯಿಬಿಟ್ಟುಕೊಂಡು ಕೇಳುವ ಕತೆ. ಅದನ್ನು ಹಾಡುವವರನ್ನು ಒಂದು ದಿನ ಶಾಲೆಗೆ ಕರೆದು ಕುರ್ಚಿ ಕೊಟ್ಟು ಕೂರಿಸಿದರೆ ಯಾರ ಗಂಟು ಹೋಗ್ತದೆ?

ಊಟದ ಮಾತು ಬಂದರಂತೂ ಸಂಸ್ಕೃತಿ ಒಂದೇ ಆಗಿಬಿಡ್ತದೆ. 2021ರ ಡಿಸೆಂಬರಿನಲ್ಲಿ ಸರ್ಕಾರ ಕೆಲವು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡವೆಂದರು. ಬೇಡ ಅನ್ನುವ ಮಗುವಿಗೆ ಬಾಳೆಹಣ್ಣು ಇತ್ತು. ಆದರೂ ತಿನ್ನುವ ಮಗುವಿನ ತಟ್ಟೆ ಮೇಲೆ ಕಣ್ಣು. ಆಗ ಗಂಗಾವತಿಯ ಶಾಲಾ ಹುಡುಗಿಯರು ಮೊಟ್ಟೆ ನಮಗೆ ಬೇಕು ಅಂತ ಗಟ್ಟಿಯಾಗಿ ಮಾತಾಡಿದರು. ಆ ದಿನ ಪಾಠ ಮಾಡಿದವರು ಆ ಹುಡುಗಿಯರೇ.

ಹಾಗಂತ ಸಂಪ್ರದಾಯ ಅಂದದ್ದನ್ನೆಲ್ಲಾ ಮಕ್ಕಳ ತಲೆಗೆ ತುಂಬಬೇಕಿಲ್ಲ. ನಮ್ಮ ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟದ್ದೂ ಸಂಪ್ರದಾಯವೇ. ಅದಕ್ಕೆ 1982ರ ಕಾಯಿದೆ ಬರಬೇಕಾಯಿತು. ಚಂದ್ರಗುತ್ತಿಯ ಬೆತ್ತಲೆ ಸೇವೆಯೂ ಹರಕೆಯೇ. 1986ರಲ್ಲಿ ಅದನ್ನು ತಡೆಯಲು ಹೋದವರು ಹೊಡೆತ ತಿಂದರು. 1900ರಲ್ಲಿ ಸಾತಾರದ ಶಾಲೆ ಸೇರಿದ ಬಾಲಕ ಭೀಮರಾವ್ ಮನೆಯಿಂದ ಗೋಣಿ ತಂದು ಬೇರೆ ಕೂರಬೇಕಿತ್ತು. ಜವಾನ ನಲ್ಲಿ ತಿರುಗಿಸದಿದ್ದರೆ ನೀರಿಲ್ಲ. ಅದನ್ನೂ ಆಚಾರ ಅಂತಲೇ ಕರೆದರು.

ಆದ್ದರಿಂದ ಬೇರೆತನವೇ ಬೇರೆ, ಮೇಲುಕೀಳೇ ಬೇರೆ. ಇವೆರಡನ್ನೂ ಕಲಸಿ ಒಂದೇ ಬಟ್ಟಲಲ್ಲಿ ಬಡಿಸಬಾರದು. ಉಡುಗೆ, ಅಡುಗೆ, ಹಾಡು ನೂರು ಥರ ಇರಲಿ. ಕುಡಿಯುವ ಲೋಟ ಎರಡು ಥರ ಇರಬಾರದು.

ಎಳೆ ಮಕ್ಕಳಿಗೆ ಇದೆಲ್ಲ ಎಲ್ಲಿ ತಿಳೀತದೆ ಅನ್ನುವವರಿದ್ದಾರೆ. ಸ್ವಾಮಿ, ಯಾರ ಮನೆ ಒಳಗೆ ಹೋಗಬಹುದು, ಯಾರ ಮನೆ ನೀರು ಮುಟ್ಟಬಾರದು ಅಂತ ಆರು ವರ್ಷದ ಮಗುವಿಗೆ ಊರು ಆಗಲೇ ಕಲಿಸಿರ್ತದೆ. ಅದನ್ನು ಕಲಿಯುವ ವಯಸ್ಸಾಗಿದ್ದರೆ ಯಾಕೆ ಅಂತ ಕೇಳುವ ವಯಸ್ಸೂ ಆಗಿದೆ.

ಬಂಧುಗಳೇ, ಶಾಲೆಯ ಸಭೆಗಳಿಗೆ ಹೋಗಿ. ಮೇಷ್ಟ್ರ ಮುಂದೆ ನಿಂತು ಕೇಳಿ. ಜಾತ್ರೆಯ ಪಾಠ ಮಾಡುವಾಗ ತೇರಿನ ಎತ್ತರ ಹೇಳಿದರೆ ಸಾಲದು. ತೇರು ಕಟ್ಟಿದವರು ಯಾರು, ತಮಟೆ ಬಡಿದವರು ಯಾರು, ಗುಡಿಯ ಹೊರಗೆ ನಿಂತವರು ಯಾರು ಅಂತಲೂ ಮಕ್ಕಳು ಎಣಿಸಲಿ. ನಮ್ಮ ಮಕ್ಕಳಷ್ಟೇ ಅಲ್ಲ, ಅವರ ಮಕ್ಕಳೂ ಎಣಿಸಲಿ.